ಸುಲಿತದ ಡಬ್ಬ, ಕೊನೆಗಾರನ ಕೂಲಿ: ಒಪ್ಪಿ ಮಾಡಿದ ಕೆಲಸದಲ್ಲಿ ಅನ್ಯಾಯ ಎಲ್ಲಿರುತ್ತದೆ?

ಪ್ರಶ್ನೆ: ಹೊಸನಗರದ ಓದುಗ

ಅಡಿಕೆ ಕೊಯ್ಲು ಶುರುವಾದ ಕೂಡಲೇ ನಮ್ಮ ಕಡೆ ಪ್ರತಿ ವರ್ಷ ಏಳುವ ವಾದ ಇದು. ತೋಟದವರ ಮಾತು: "ಸುಲಿದ ಅಡಿಕೆ ಡಬ್ಬಕ್ಕೆ ಇಷ್ಟು ಅಂತ ಮೊದಲೇ ಹೇಳಿದ್ದೇವೆ, ಒಪ್ಪಿಯೇ ಬಂದಿದ್ದಾರೆ. ಇದರಲ್ಲಿ ಅನ್ಯಾಯ ಏನು ಬಂತು?" ಸುಲಿಯಲು ಬರುವ ಹೆಂಗಸರ ಮಾತು: "ರೇಟು ಏರಿದ್ದು ಹೌದು, ಕೈಗೆ ಸಿಗುವುದು ಏರಲಿಲ್ಲ." ಎರಡೂ ಸುಳ್ಳಲ್ಲ ಅನಿಸುತ್ತದೆ.

ಬಂಡವಾಳಶಾಹಿಯಲ್ಲಿ ಕೂಲಿ ಅಂದರೇ ಶೋಷಣೆ ಅನ್ನುವವರಿದ್ದಾರೆ. ಮಾರ್ಕೆಟ್ ರೇಟು ಕೊಟ್ಟ ಮೇಲೆ ಮಾತು ಮುಗಿಯಿತು ಅನ್ನುವವರೂ ಇದ್ದಾರೆ. ನಮ್ಮ ಕೊಯ್ಲು, ಸುಲಿತ, ಔಷಧಿ ಹೊಡೆಯುವ ಕೆಲಸಕ್ಕೆ ಹೊಂದುವ ಹಾಗೆ ಯಾವ ಲೆಕ್ಕ ಹಾಕಿದರೆ ನ್ಯಾಯವೋ ಅಲ್ಲವೋ ಗೊತ್ತಾಗುತ್ತದೆ? ಕಾನೂನು ಏನು ಹೇಳುತ್ತದೆ? ತಿಳಿದವರು ಬಿಡಿಸಿ ಬರೆಯಿರಿ. ಪಕ್ಷದ ಜಗಳ ಇಲ್ಲಿ ಬೇಡ.

ಉತ್ತರ: ಅರ್ಥಶಾಸ್ತ್ರ, ಸಾಗರ

ಒಪ್ಪಿದರೋ ಇಲ್ಲವೋ ಅನ್ನುವುದಕ್ಕಿಂತ ಮೊದಲು, ಒಪ್ಪಿಗೆ ಯಾವ ತಿಂಗಳಲ್ಲಿ ಆಯಿತು ಅಂತ ಕೇಳಿ.

ಕಾರ್ತಿಕದಲ್ಲಿ ಅಡಿಕೆ ಕೊನೆ (ಗೊನೆ) ಇಳಿಸಿ ಅಂಗಳದಲ್ಲಿ ರಾಶಿ ಹಾಕಿದಾಗ ಆತುರ ಇರುವುದು ತೋಟದವರಿಗೆ. ಕೊಯ್ದ ಅಡಿಕೆ ಎರಡು ಮೂರು ದಿನ ಕೂತರೆ ಸಿಪ್ಪೆ ಬಾಡಿ ನಾರು ಗಟ್ಟಿಯಾಗುತ್ತದೆ, ಸುಲಿತ ಹಿಂದೆ ಬೀಳುತ್ತದೆ, ಮೋಡ ಕವಿದರೆ ಬೂಸ್ಟು ಹಿಡಿಯುವ ಭಯ ಬೇರೆ. ಆ ಹೊತ್ತಿನಲ್ಲಿ ಸುಲಿಯುವವರೆಲ್ಲ ಒಟ್ಟಾಗಿ ಜಾಸ್ತಿ ಕೇಳಿದರೆ ಕೊಡದೆ ವಿಧಿಯಿಲ್ಲ. ಆದರೆ ರೇಟಿನ ಮಾತು ನಡೆಯುವುದು ಆ ಹೊತ್ತಿನಲ್ಲಿ ಅಲ್ಲ. ಆರಿದ್ರಾ, ಪುನರ್ವಸು, ಪುಷ್ಯ ಮಳೆ ಜಡಿದು ಕೂತು, ಕೆಲಸ ನಿಂತು, ಶಾಲೆಯ ಫೀಸು, ಸಂಘದ ಕಂತು ಒಟ್ಟಿಗೆ ಬಂದಾಗ ಅಡ್ವಾನ್ಸ್ ಬೇಕಾಗುತ್ತದೆ. ಅಡ್ವಾನ್ಸ್ ಕೈಗೆ ಬೀಳುವಾಗಲೇ ಸುಲಿತದ ರೇಟು, ಮೊದಲು ಯಾರ ಮನೆಯದು ಸುಲಿಯಬೇಕು ಅನ್ನುವುದೂ ತೀರ್ಮಾನವಾಗಿರುತ್ತದೆ. ಕೆಲಸದವರಿಗೆ ಬಲ ಇರುವ ತಿಂಗಳಲ್ಲಿ ಮಾಡುವ ದುಡಿಮೆಗೆ, ಬಲ ಇಲ್ಲದ ತಿಂಗಳಲ್ಲಿ ಬೆಲೆ ಕಟ್ಟಿದ ಹಾಗಾಯಿತು. ಯಾರೂ ಬಲವಂತ ಮಾಡಿಲ್ಲ, ನಿಜ. ಆದರೆ ಈ ಒಪ್ಪಿಗೆಯನ್ನು ನ್ಯಾಯದ ಸಾಕ್ಷಿಯಾಗಿ ತರಲು ಬರುವುದಿಲ್ಲ.

ಇನ್ನು ತತ್ವದ ಕಡೆ. ಮಾರ್ಕ್ಸ್ 1867ರಲ್ಲಿ ಮಾಡಿದ ವ್ಯತ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಲಸಗಾರ ಮಾರುವುದು ಮಾಡಿ ಮುಗಿಸಿದ ಕೆಲಸವನ್ನಲ್ಲ, ಒಂದು ದಿನ ದುಡಿಯುವ ಶಕ್ತಿಯನ್ನು. ಕೂಲಿ ನಿಲ್ಲುವುದು ಆ ಶಕ್ತಿಯನ್ನು ಮರುದಿನಕ್ಕೆ ಉಳಿಸಿಕೊಳ್ಳಲು ಏನು ಬೇಕೋ ಅದರ ಸುತ್ತಮುತ್ತ. ದಿನದಲ್ಲಿ ಹುಟ್ಟಿದ ಹೆಚ್ಚಿನ ಮೌಲ್ಯ ಮಾಲೀಕನ ಕಡೆ ಹೋಗುತ್ತದೆ. ಡಬ್ಬದ ಲೆಕ್ಕದ ಬಗ್ಗೆಯೂ ಅವನು ಹೇಳಿದ್ದು ನೇರವಾಗಿದೆ: ತುಂಡುಗೂಲಿ ಅನ್ನುವುದು ದಿನಗೂಲಿಯದೇ ಇನ್ನೊಂದು ರೂಪ. ಮೇಲ್ವಿಚಾರಣೆಯ ಖರ್ಚು ಉಳಿಯುತ್ತದೆ, ರಾತ್ರಿ ಹತ್ತರ ತನಕ ಸುಲಿಯುವ ಮೆಟ್ಟುಗತ್ತಿ ಬಿಟ್ಟು ಏಳದಂತೆ ಕೆಲಸದವರೇ ತಮ್ಮನ್ನು ಕಟ್ಟಿಹಾಕಿಕೊಳ್ಳುತ್ತಾರೆ, ಅತಿ ಚುರುಕಾದವರ ವೇಗ ಉಳಿದವರಿಗೂ ಅಳತೆಗೋಲಾಗುತ್ತದೆ.

ಇದನ್ನು ಒಂದೆಕರೆ ತೋಟದವನ ಮೇಲೆ ಹಾಗೇ ಹೊರಿಸಿದರೆ ತಪ್ಪಾಗುತ್ತದೆ. ಅವನೂ ಹೆಂಡತಿ ಮಕ್ಕಳ ಜೊತೆ ಅದೇ ಅಂಗಳದಲ್ಲಿ ದುಡಿಯುತ್ತಾನೆ, ಬೆಲೆ ಅವನ ಕೈಯಲ್ಲಿಲ್ಲ, ಮಂಡಿಯಲ್ಲಿದೆ. ಆದರೆ ಮಾರುಕಟ್ಟೆ ಅನ್ನುವ ಮಾತನ್ನೂ ಹಾಗೇ ನಂಬಬೇಕಿಲ್ಲ. ಆಡಂ ಸ್ಮಿತ್ 1776ರಲ್ಲೇ ಬರೆದಿದ್ದ: ಕೂಲಿ ಏರದಂತೆ ಮಾಲೀಕರ ನಡುವೆ ಸದ್ದಿಲ್ಲದ ಒಪ್ಪಂದ ಯಾವಾಗಲೂ ಇರುತ್ತದೆ, ಅದು ಎಷ್ಟು ಸಹಜವೆಂದರೆ ಯಾರ ಗಮನಕ್ಕೂ ಬರುವುದಿಲ್ಲ. ದಿನಕ್ಕೆ ಎರಡು ಬಸ್ಸು ಬರುವ ಊರಲ್ಲಿ ನಾಲ್ಕೈದು ತೋಟದ ಮನೆಯವರು ಕೂತು "ಈ ವರ್ಷ ಇಷ್ಟೇ" ಅಂದರೆ ಅದನ್ನು ಮಾರುಕಟ್ಟೆ ರೇಟು ಅನ್ನಲು ಬಾರದು. ಕೊಳ್ಳುವವರು ಒಂದಾದಾಗ ಮಾರುವವರಿಗೆ ಉಳಿಯುವ ದಾರಿ ಊರು ಬಿಡುವುದೊಂದೇ. ಅದಕ್ಕೇ ನರೇಗಾ ಮುಖ್ಯವಾಗಿದ್ದು. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದು ದೊಡ್ಡ ಮೊತ್ತವಲ್ಲ, ಆದರೆ ಬೇರೆ ಕಡೆ ಕೆಲಸ ಉಂಟು ಅನ್ನುವ ಧೈರ್ಯ ತೋಟದ ರೇಟನ್ನೂ ಎತ್ತುತ್ತದೆ.

ಉತ್ತರ: ತೋಟಿಗ, ತೀರ್ಥಹಳ್ಳಿ

ಮಾರಾಯ್ರೆ, ತೋಟದ ಕಡೆಯ ಲೆಕ್ಕವನ್ನೂ ಇಡಿ. 100 ಕೆಜಿ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಬರುವ ರಾಶಿ ಇಡಿ ಸುಮಾರು 12ರಿಂದ 14 ಕೆಜಿ. ಆ 12 ಕೆಜಿಗೆ ಕೊಯ್ಲು, ಹೊರುವುದು, ಸುಲಿತ, ಬೇಯಿಸುವುದು, ಒಣಗಿಸುವುದು, ಆರಿಸುವುದು ಎಲ್ಲ ಸೇರಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿ ಬೇರೆ: ಶೇ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೊದಲ ಸಲ ಮುಂಗಾರು ಹಿಡಿಯುವ ಮೊದಲು, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ, ಮಳೆ ನಿಲ್ಲದಿದ್ದರೆ ಮೂರನೆಯದು. ಎರಡನೆಯದಕ್ಕೆ ಹೊಡೆಯುವವರು ಸಿಗದೆ ಹದಿನೈದು ದಿನ ತಡವಾದರೆ ಕೊಳೆ ಬಂದು ಕಾಯಿ ಉದುರಿ ಮುಗಿಯುತ್ತದೆ. ಈಗ ಎಲೆಚುಕ್ಕೆ ರೋಗ ಬೇರೆ ಸೇರಿದೆ. ಕೊಳೆಯಲ್ಲಿ ಬೆಳೆ ಹೋದ ವರ್ಷವೂ ಹೊಡೆದವರಿಗೆ ಕೂಲಿ ಕೊಟ್ಟೇ ಕೊಡಬೇಕು, ಕೊಡುವುದೂ ಸರಿ. ನಷ್ಟ ಹೊರುವವನಿಗೆ ಲಾಭ ಬಂದರೆ ಅದನ್ನು ಶೋಷಣೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಅಡ್ವಾನ್ಸ್ ವಿಷಯಕ್ಕೂ ಎರಡು ಮುಖ ಇದೆ. ಮೂರು ಮನೆಯಲ್ಲಿ ತೆಗೆದುಕೊಂಡು ಎಲ್ಲೂ ಬಾರದಿದ್ದರೆ ತೋಟದವನ ಅಡಿಕೆ ಅಂಗಳದಲ್ಲೇ ಹಾಳಾಗುತ್ತದೆ. ಈ ಭಯಕ್ಕೇ ಬಹಳ ಜನ ಸುಲಿಯುವ ಮಷೀನಿಗೆ ಹೋಗಿದ್ದು. ಮಷೀನು ಬಂದ ಮೇಲೆ ಕೈಸುಲಿತದ ರೇಟಿಗೆ ಒಂದು ಮಿತಿ ಬಿತ್ತು, ಅದಕ್ಕಿಂತ ಜಾಸ್ತಿ ಕೇಳಿದರೆ ಬಾಡಿಗೆ ಮಷೀನು ಬರುತ್ತದೆ. ಹೆಂಗಸರಿಗೆ ಉಳಿಯುವುದು ಅರ್ಧಂಬರ್ಧ ಸುಲಿದದ್ದನ್ನು ಸರಿ ಮಾಡುವುದು, ಒಡೆದದ್ದನ್ನು ಆರಿಸುವುದು.

ಡಬ್ಬಕ್ಕೆ ತಲೆ ಕಟ್ಟಿ, ಅಂದರೆ ಬಾಯಿ ಮೀರಿ ಗೋಪುರ ಏರಿಸಿ ಅಳೆಯುವುದನ್ನು ಮಾತ್ರ ನಾನೂ ಸಮರ್ಥಿಸುವುದಿಲ್ಲ.

ಉತ್ತರ: ಅಳತೆ-ತೂಕ, ಸೊರಬ

ತೋಟಿಗರು ಕೊನೆಯ ಸಾಲಿನಲ್ಲಿ ಬಿಟ್ಟು ಹೋದದ್ದೇ ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ. ರೇಟು ಎಲ್ಲರಿಗೂ ಕೇಳುತ್ತದೆ, ಅಳತೆ ಯಾರಿಗೂ ಕಾಣುವುದಿಲ್ಲ. "ರೇಟು ಏರಿತು, ಕೈಗೆ ಸಿಗುವುದು ಏರಲಿಲ್ಲ" ಅನ್ನುವುದರ ಅರ್ಥ ಅಲ್ಲಿದೆ.

ಸುಲಿತಕ್ಕೆ ಬಳಸುವುದು 15 ಕೆಜಿ ಎಣ್ಣೆ ಬರುವ ತಗಡಿನ ಡಬ್ಬ. ಬಾಯಿ ಒಂದು ಪಕ್ಕ ಸುಮಾರು 23 ಸೆಂ.ಮೀ., ಎತ್ತರ ಸುಮಾರು 34, ಅಂದರೆ 18 ಲೀಟರ್ ಹತ್ತಿರ. ಬಾಯಿಗೆ ಸಮ ಮಾಡಿ ಕೋಲು ಎಳೆದರೆ ಇಷ್ಟೇ. ತಲೆ ಕಟ್ಟಿದರೆ, ನಡುವೆ ಗೋಪುರ 9 ಸೆಂ.ಮೀ. ಎದ್ದರೂ, 23 × 23 × 9 ÷ 3, ಸುಮಾರು 1,590 ಘನ ಸೆಂ.ಮೀ. ಹೆಚ್ಚುವರಿ. ಒಂದೂವರೆ ಲೀಟರ್ ಚಿಲ್ಲರೆ ತಾನೇ ಅಂತ ಬಿಟ್ಟುಬಿಡಬೇಡಿ, ಅದು ಡಬ್ಬದ ಶೇ 9 ಹತ್ತಿರ. ಹನ್ನೆರಡು ಡಬ್ಬ ಸುಲಿದರೆ ಹದಿಮೂರನೆಯದು ಬಿಟ್ಟಿ ಹೋಯಿತು. ಡಬ್ಬವನ್ನು ನೆಲಕ್ಕೆ ಕುಕ್ಕಿ ಕುಲುಕಿದರೆ ಇನ್ನೂ ಒಂದಷ್ಟು ಇಳಿಯುತ್ತದೆ. ಪಕ್ಕ ಉಬ್ಬಿದ ಹಳೇ ಡಬ್ಬ ಇನ್ನೂ ಜಾಸ್ತಿ ಹಿಡಿಯುತ್ತದೆ.

ಸಾಗರ ತಾಲ್ಲೂಕಿನವರಿಗೆ ಇದು ಹೊಸ ವಿಷಯ ಆಗಬಾರದು. 1951ರ ಏಪ್ರಿಲ್‌ನಲ್ಲಿ ಕಾಗೋಡು ಸತ್ಯಾಗ್ರಹ ಎದ್ದಿದ್ದು ಗೇಣಿ ಅಳೆಯುವ ಕೊಳಗದ ಮೇಲೆ. ಗೇಣಿ ಭತ್ತ ಅಳೆದುಕೊಳ್ಳುವಾಗ ದೊಡ್ಡ ಕೊಳಗ ಯಾಕೆ ಅನ್ನುವ ಪ್ರಶ್ನೆ. ಎಚ್. ಗಣಪತಿಯಪ್ಪ ಗೇಣಿದಾರರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷವನ್ನು ಅದರ ಬೆನ್ನಿಗೆ ನಿಲ್ಲಿಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಕಾಲದ ಭೂ ಸುಧಾರಣೆಯಲ್ಲಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಫಾರಂ 7ರಲ್ಲಿ ಅರ್ಜಿ ಹಾಕಿದ ಗೇಣಿದಾರರು ಒಡೆಯರಾದರು. ಆದರೆ ಆ ಕಾನೂನು ಗೇಣಿದಾರನಿಗೆ ಬಂತು, ಆಳಿಗೆ ಬರಲಿಲ್ಲ. ಪಹಣಿಯಲ್ಲಿ ಉಳುವವರೆಂದು ತಮ್ಮ ಹೆಸರಿಲ್ಲದೆ ಬರೀ ಕೂಲಿಗೆ ಹೋಗುತ್ತಿದ್ದ ಮನೆಗಳು ಇದ್ದಲ್ಲೇ ಉಳಿದವು. ಕೊಳಗದ ವಿರುದ್ಧ ಕೂತವರ ಮಕ್ಕಳ ಅಂಗಳದಲ್ಲಿ ಇವತ್ತು ಡಬ್ಬಕ್ಕೆ ತಲೆ ಕಟ್ಟಿದರೆ ಅದು ನೋವಿನ ಸಂಗತಿ.

ಸರಿ ಮಾಡುವುದು ಕಷ್ಟ ಇಲ್ಲ: ಕೆಜಿಗೆ ಬನ್ನಿ. 2009ರ ಕಾನೂನು ಮಾಪನ ಕಾಯ್ದೆ ಸೇವೆಗೂ ಪ್ರಮಾಣಿತ ಅಳತೆಯಲ್ಲೇ ಬೆಲೆ ಹೇಳಬೇಕು ಅನ್ನುತ್ತದೆ. ಹಳೇ ಡಬ್ಬದ ರೇಟನ್ನು ಕೆಜಿಗೆ ಇಳಿಸಲು, ಬೇರೆ ಬೇರೆ ರಾಶಿಯಿಂದ ಸುಲಿದ ಅಡಿಕೆಯನ್ನು ಮೂರು ಡಬ್ಬ ಬಾಯಿಸಮ ತುಂಬಿ, ಡಬ್ಬದ ತೂಕ ಕಳೆದು, ಸರಾಸರಿ ತೆಗೆಯಿರಿ. ಡಬ್ಬದ ರೇಟು ಭಾಗಿಸು ಆ ಸರಾಸರಿ. ಸುಲಿದ ಅಡಿಕೆಯನ್ನು ಬೇಯಿಸುವ ಮೊದಲು, ಅದೇ ಸಂಜೆ ತೂಗಬೇಕು. ಬೆಳಿಗ್ಗೆ ತೂಗಿದರೆ ರಾತ್ರಿಯ ಆರಿದ ತೂಕ ಸುಲಿದವರ ಲೆಕ್ಕದಿಂದ ಹೋಗುತ್ತದೆ. ತೂಕದ ಮಷೀನಿನಲ್ಲಿ ಮೋಸಕ್ಕಿಂತ ಅಜಾಗರೂಕತೆ ಜಾಸ್ತಿ: ಸೆಗಣಿ ಸಾರಿಸಿದ ಏರುತಗ್ಗಿನ ಅಂಗಳದಲ್ಲಿ ಓರೆ ಕೂರುವುದು, ಬುಟ್ಟಿಯ ಅಂಚು ಗೋಡೆಗೆ ತಾಗುವುದು, ಬ್ಯಾಟರಿ ಇಳಿದಿರುವುದು. ಅಂಗಡಿಯಿಂದ 1 ಕೆಜಿ ಉಪ್ಪಿನ ಪೊಟ್ಟಣ ಹತ್ತು ತಂದು ಎಲ್ಲರ ಎದುರು ಇಟ್ಟು ನೋಡಿ, ಹತ್ತು ತೋರಿಸದಿದ್ದರೆ ಆ ಮಷೀನು ಬೇಡ.

ಹಸ, ಬೆಟ್ಟೆ, ರಾಶಿ, ಗೋಟು ಅನ್ನುವ ಅಡಿಕೆಯ ಬಗೆಗಳಿಗೆಲ್ಲ ಒಂದೇ ರೇಟು ಇಡುವುದೂ ಅನ್ಯಾಯವೇ. ಸಣ್ಣ ಕಾಯಿಯಾದರೆ ಕೆಜಿಗೆ ಹೆಚ್ಚು ಕಾಯಿ, ಹೆಚ್ಚು ಸಲ ಕೈ ಆಡಬೇಕು. ಮೂರು ದಿನ ಹಳೆಯ ಕಾಯಿಗೆ ಬೆರಳಿಗೆ ಸುತ್ತಿದ ಬಟ್ಟೆಯೂ ನಿಲ್ಲುವುದಿಲ್ಲ. ಕೊಯ್ಲು ತಡವಾಗಿದ್ದು ತೋಟದ ಕಡೆಯಿಂದಾದರೆ, ನಿಧಾನದ ನಷ್ಟವೂ ತೋಟದ ಕಡೆಗೇ ಇರಬೇಕು.

ಇನ್ನೊಂದು ಲೆಕ್ಕವನ್ನು ಜನ ಮರೆಯುತ್ತಾರೆ. ದಿನದ ಗಳಿಕೆಯನ್ನು ಸುಲಿದ ಗಂಟೆಗೆ ಭಾಗಿಸಬೇಡಿ, ಮನೆ ಬಿಟ್ಟು ಅಂಗಳದಲ್ಲಿ ಇದ್ದ ಗಂಟೆಗೆ ಭಾಗಿಸಿ. ಸುಲಿದದ್ದು 8 ಗಂಟೆ, ಕೊನೆ ಬರುವ ತನಕ ಕಾದದ್ದು 1 ಗಂಟೆ, ಸಿಪ್ಪೆ ಹೊತ್ತು ಗುಡಿಸಿದ್ದು ಅರ್ಧ ಗಂಟೆ ಅಂದುಕೊಳ್ಳಿ. ಭಾಗಿಸಬೇಕಾದ್ದು 9.5ಕ್ಕೆ. ಗಂಟೆಯ ಕೂಲಿ ಅಲ್ಲೇ ಶೇ 16ರಷ್ಟು ಇಳಿಯಿತು. ದಿನಗೂಲಿಯಲ್ಲಿ ಕಾಯುವ ಹೊತ್ತು ಮಾಲೀಕನದು, ಡಬ್ಬದ ಲೆಕ್ಕದಲ್ಲಿ ಅದು ಕೆಲಸದವರದು.

ಉತ್ತರ: ಕಾರ್ಮಿಕ ಕಾನೂನು, ಶಿವಮೊಗ್ಗ

ಕಾನೂನಿನ ಕಡೆ, ಮೊದಲು ಒಂದು ಕಹಿ ಸತ್ಯ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಹೆಸರಿಸಿದ್ದು ಟೀ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ಅಡಿಕೆ ಇರಲಿಲ್ಲ. ಹಾಗಾಗಿ ಘಟ್ಟದ ಆ ಬದಿಯ ಕಾಫಿ ಎಸ್ಟೇಟಿನಲ್ಲಿ ಲೈನ್ ಮನೆ, ಶಿಶುವಿಹಾರ, ಔಷಧಿ ಕೇಳುವ ಹಕ್ಕು ಇದ್ದಾಗ ಈ ಬದಿಯ ಅಡಿಕೆ ತೋಟದ ಆಳಿಗೆ ಅದು ಇರಲಿಲ್ಲ. ನಮ್ಮ ತೋಟಗಳು ಸಣ್ಣವು, ನಿಜ. ಆದರೆ ಸಣ್ಣ ತೋಟದ ಮರದಿಂದ ಬಿದ್ದರೂ ಪೆಟ್ಟು ಅಷ್ಟೇ.

ಕನಿಷ್ಠ ಕೂಲಿ ಮಾತ್ರ ಕೃಷಿಗೂ ಉಂಟು. 1948ರ ಕಾಯ್ದೆಯ ಜಾಗಕ್ಕೆ ವೇತನ ಸಂಹಿತೆ ಬಂದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ತುಂಡುಗೂಲಿ ಅಂದ ಮಾತ್ರಕ್ಕೆ ತಪ್ಪಿಸಿಕೊಳ್ಳಲು ಬರುವುದಿಲ್ಲ: ತುಂಡಿನ ಲೆಕ್ಕದಲ್ಲಿ ಎಷ್ಟೇ ಬರಲಿ, ದಿನದ ಕೆಲಸ ಮಾಡಿದವರಿಗೆ ಕನಿಷ್ಠ ದಿನಗೂಲಿಗಿಂತ ಕಡಿಮೆಯಾಗಬಾರದು. ಕರ್ನಾಟಕದಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಆ ವರ್ಷದ ಆದೇಶವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ನೋಡಿ. ಮಧ್ಯಾಹ್ನದ ಊಟ, ಚಹಾ ಕೊಟ್ಟೆವು ಅಂತ ಮನಸ್ಸಿಗೆ ಬಂದಷ್ಟು ಮುರಿದುಕೊಳ್ಳುವ ಹಾಗಿಲ್ಲ. ಬಾಕಿಗೆ ಅರ್ಜಿ ಹಾಕಲು ಮೊದಲು 6 ತಿಂಗಳ ಗಡುವಿತ್ತು, ಸಂಹಿತೆಯಲ್ಲಿ 3 ವರ್ಷ.

ಗಂಡಾಳು, ಹೆಣ್ಣಾಳು ಅಂತ ಎರಡು ರೇಟು ಹಾಕುವ ರೂಢಿ ಇನ್ನೂ ಇದೆ. ಒಂದೇ ಕೆಲಸಕ್ಕೆ ಅದು 1976ರಿಂದಲೇ ಕಾನೂನುಬಾಹಿರ. ಮರ ಹತ್ತುವುದಕ್ಕೂ ಸುಲಿಯುವುದಕ್ಕೂ ಹೋಲಿಕೆ ಮಾಡಲಾಗದು ಅನ್ನಬಹುದು. ಆದರೆ ಸೊಪ್ಪು ಹೊರುವುದು, ಗೊಬ್ಬರ ಹೊರುವುದು ಇಬ್ಬರೂ ಮಾಡುತ್ತಾರೆ, ಬುಟ್ಟಿಯೂ ಒಂದೇ.

ಅಡ್ವಾನ್ಸ್ ಕೊಡುವುದು ಅಪರಾಧ ಅಲ್ಲ. ಆ ಸಾಲದ ಹೆಸರಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು, ಅಥವಾ ಬೇರೆಯವರ ಕೆಲಸಕ್ಕೆ ಹೋಗದಂತೆ ತಡೆಯುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಒಳಗೆ ಬರುತ್ತದೆ, ಅಂಥ ಸಾಲವೇ ರದ್ದಾಗುತ್ತದೆ. 1982ರಲ್ಲಿ ಏಷ್ಯಾಡ್ ಕಾಮಗಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಸಿವು ಬಡತನದ ಒತ್ತಡಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ಒಪ್ಪಿದರೆ ಅದೂ ಸಂವಿಧಾನದ 23ನೇ ವಿಧಿ ಹೇಳುವ ಬಲವಂತದ ದುಡಿಮೆಯೇ ಅಂದಿತು. "ಒಪ್ಪಿಯೇ ಬಂದಿದ್ದಾರೆ" ಅನ್ನುವವರು ಈ ತೀರ್ಪನ್ನು ನೆನಪಿಡಬೇಕು.

ತೋಟಿಗರೇ, ನಷ್ಟ ಹೊರುವವರಿಗೆ ಲಾಭ ಅಂದಿರಿ. ಆ ವಾದ ಅರ್ಧ ಸರಿ. ಬೆಳೆಯ ನಷ್ಟ ನಿಮ್ಮದು, ಮೈಯ ನಷ್ಟ ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರನದು. ಐವತ್ತು ಅಡಿ ಮೇಲೆ ಮರದಿಂದ ಮರಕ್ಕೆ ಬಾಗಿಸಿ ದಾಟುವವನಿಗೆ ಬೆಲೆ ಏರಿದಾಗ ಪಾಲಿಲ್ಲ, ಬಿದ್ದರೆ ಪೂರ್ತಿ ಪಾಲು. ಇದನ್ನು ಸರಿದೂಗಿಸಲೆಂದೇ 1923ರಿಂದ ಪರಿಹಾರದ ಕಾನೂನಿದೆ, ಅದೇ ಲೆಕ್ಕ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಅಂಶದಿಂದ ಗುಣಿಸುವುದು. ಲೆಕ್ಕಕ್ಕೆ ಹಿಡಿಯುವ ಕೂಲಿಗೆ ಮಿತಿ 15,000 ರೂ. ನಲವತ್ತರ ವಯಸ್ಸಿಗೆ ಅಂಶ 184.17. ಅಂದರೆ 7,500 × 184.17 = 13,81,275 ರೂ. ಒಂದು ದಿನಕ್ಕೆ ಬಂದವನು ಅನ್ನುವ ಕಾರಣಕ್ಕೇ ಇದು ತಪ್ಪುವುದಿಲ್ಲ. ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಿದ್ದರೆ ಆಳು ಕರೆತಂದ ಚೇಣಿದಾರ ಮಾಲೀಕ. ಬರೀ ಆಳು ಕಳಿಸುವ ಮೇಸ್ತ್ರಿಯಾದರೆ ಕೇಳುವುದು ತೋಟದವರನ್ನೇ. ಅರ್ಜಿಗೆ ಗಡುವು 2 ವರ್ಷ.

ಉತ್ತರ: ಭದ್ರಾವತಿ

ಕಾರ್ಖಾನೆಯ ಕಡೆಯಿಂದ ಒಂದೇ ಮಾತು ಸೇರಿಸುತ್ತೇನೆ. ಉಕ್ಕಿನ ಕಾರ್ಖಾನೆ, ಕಾಗದದ ಕಾರ್ಖಾನೆ ಇದ್ದ ಈ ಊರಲ್ಲಿ ಒಂದೇ ಗೇಟಿನೊಳಗೆ ಎರಡು ಬಗೆಯ ಕಾರ್ಮಿಕರು: ಕಾಯಂ, ಗುತ್ತಿಗೆ. ಕೆಲಸ ಒಂದೇ, ಸಂಬಳದ ಚೀಟಿ ಕೊಡುವವರು ಬೇರೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. ಆದರೆ ಗುತ್ತಿಗೆ ನಿಷೇಧಿಸಿದ ಕೆಲಸದಲ್ಲಿದ್ದರೂ ತಾನಾಗಿ ಕಾಯಂ ಆಗುವುದಿಲ್ಲ ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲೇ. ಆಮೇಲೆ ಗುತ್ತಿಗೆ ಕಾರ್ಮಿಕರ ಚೌಕಾಶಿ ಬಲ ಕುಸಿಯಿತು. ಹಾಜರಿ ಚೀಟಿ, ಪಿಎಫ್ ಖಾತೆ ಸಂಖ್ಯೆ, ಗೇಟ್ ಪಾಸಿನ ನಕಲು ಈ ಮೂರನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳದವರಿಗೆ, ಎಷ್ಟು ವರ್ಷ ದುಡಿದೆ ಅನ್ನುವುದನ್ನು ಸಾಬೀತು ಮಾಡುವುದೇ ದೊಡ್ಡ ಹೋರಾಟವಾಗುತ್ತದೆ.

ಮರುಪ್ರಶ್ನೆ: ಹೊಸನಗರದ ಓದುಗ

ಎಲ್ಲರಿಗೂ ಧನ್ಯವಾದ. ಊರಿನ ಮಟ್ಟದಲ್ಲಿ ಒಂದು ಚೀಟಿ ಬರೆದುಕೊಳ್ಳಬಹುದಾ? ಅದರಲ್ಲಿ ಏನಿರಬೇಕು? ಸಣ್ಣ ತೋಟದವರು ಹದಿಮೂರು ಲಕ್ಷ ಎಲ್ಲಿಂದ ತರಬೇಕು ಅನ್ನುವುದೂ ದೊಡ್ಡ ಪ್ರಶ್ನೆ.

ಉತ್ತರ: ಕಾರ್ಮಿಕ ಕಾನೂನು, ಶಿವಮೊಗ್ಗ

ಬರೆಯಬಹುದು, ಒಂದು ಪುಟ ಸಾಕು. ಹಸ, ರಾಶಿ, ಗೋಟಿಗೆ ಬೇರೆ ಬೇರೆ ಕೆಜಿ ರೇಟು, ಯಾವ ಹೊತ್ತಿಗೆ ತೂಗುವುದು, ಕಾಯಿಸಿದರೆ ಗಂಟೆಗೆ ಎಷ್ಟು, ರಾತ್ರಿ ಸುಲಿತವಾದರೆ ಮನೆ ತಲುಪಿಸುವುದು ಯಾರು, ಇಷ್ಟಿರಲಿ. ಅಡ್ವಾನ್ಸ್ ಮೊತ್ತ ಬೇರೆ ಸಾಲಿನಲ್ಲಿ ಬರೆದು, ವಾರಕ್ಕೆ ಎಷ್ಟು ಮುರಿಯುವುದು ಅಂತ ಗೊತ್ತು ಮಾಡಿ. ಮುಖ್ಯವಾಗಿ, ಮಳೆಗಾಲದಲ್ಲಿ ಅಡ್ವಾನ್ಸ್ ಮಾತ್ರ, ರೇಟಿನ ಮಾತು ದೀಪಾವಳಿ ಹೊತ್ತಿಗೆ ಅಂತ ಬರೆಯಿರಿ. ಸಾಗರದವರು ಹೇಳಿದ ತೊಡಕು ಬಿಡಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣುವುದಿಲ್ಲ. ಎರಡು ಪ್ರತಿ ಮಾಡಿ, ಒಂದು ಸುಲಿಯುವ ಗುಂಪಿನವರ ಹತ್ತಿರವೇ ಇರಬೇಕು.

ಕೊನೆಗಾರರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದೆ, ವರ್ಷಕ್ಕೆ 20 ರೂ., 18ರಿಂದ 70 ವಯಸ್ಸು, ಅಪಘಾತದಲ್ಲಿ ಸತ್ತರೆ 2 ಲಕ್ಷ. ಕಂತು ಅವರ ಬ್ಯಾಂಕ್ ಖಾತೆಯಿಂದಲೇ ಕಡಿತವಾಗುತ್ತದೆ, ಮೇ ಕೊನೆಗೆ ಖಾತೆಯಲ್ಲಿ ಹಣ ಇಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ, ತೋಟದವರು ಅದನ್ನೊಂದು ವಿಚಾರಿಸಿ. ಇದು ಕಾನೂನಿನ ಪರಿಹಾರಕ್ಕೆ ಬದಲಿ ಅಲ್ಲ. ಆ ದೊಡ್ಡ ಮೊತ್ತಕ್ಕೆ ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರ ಪಾಲಿಸಿ ಅಂತಲೇ ಇದೆ. ಒಂದು ಮನೆಗೆ ಭಾರವಾದರೆ ಊರಿನ ಹತ್ತು ತೋಟದವರು ಸೇರಿ ಸೊಸೈಟಿ ಮೂಲಕ ವಿಚಾರಿಸಿ. ಹೆಸರು ಪಟ್ಟಿ ಕೊಡುವಾಗ ಕೆಲಸದ ವಿವರದಲ್ಲಿ "ಕೃಷಿ ಕೂಲಿ" ಅಂತಷ್ಟೇ ಬರೆಯಬೇಡಿ. "ಮರ ಹತ್ತಿ ಕೊನೆ ಕೊಯ್ಯುವುದು, ಔಷಧಿ ಹೊಡೆಯುವುದು" ಅಂತ ಬರೆಯಿಸಿ, ಇಲ್ಲದಿದ್ದರೆ ಕ್ಲೇಮಿನ ಹೊತ್ತಿಗೆ ಅದೇ ತಕರಾರಾಗುತ್ತದೆ.